ಹಳೆಯ ಡೀಸೆಲ್ ಇಂಜಿನ್ ಸ್ಟಾರ್ಟ್ ಆಗದಿದ್ದರೆ ಮೊದಲು ಏನು ನೋಡಬೇಕು?

(ಸಂಘದ ಬೆಳ್ಳಿಹಬ್ಬದ ಅಂಗವಾಗಿ ಗೋದಾಮಿನ ಆವರಣದಲ್ಲಿ ನಡೆದ ರೈತರ ಸಭೆಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ. ಮಾತನಾಡಿದ ರೀತಿಯಲ್ಲೇ ಬರೆದುಕೊಟ್ಟಿದ್ದಾರೆ.)



ನಾನು ಭಾಷಣ ಮಾಡುವವನಲ್ಲ. ಎಸ್.ಎಸ್.ಎಲ್.ಸಿ. ಮುಗಿಸಿ ಹೊಲಕ್ಕೆ ಇಳಿದವನು. ಬೆಳ್ಳಿಹಬ್ಬಕ್ಕೆ ನೀನೂ ಒಂದು ವಿಷಯ ಮಾತಾಡು ಅಂತ ಅಧ್ಯಕ್ಷರು ಹೇಳಿದಾಗ, ಸಹಕಾರದ ಬಗ್ಗೆ ಮಾತಾಡಲಾ ಅಂತ ಕೇಳಿದೆ. "ಅದನ್ನ ಹೇಳಾಕ ದೊಡ್ಡವರು ಬರ್ತಾರಪ್ಪ, ನಿನಗ ಇಂಜಿನ್ ವಿಷಯ ಗೊತ್ತೈತಿ, ಅದನ್ನ ಹೇಳು" ಅಂದರು. ಅವರು ಹೇಳಿದ್ದೇ ಸರಿ. 1905ರಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ ವಿಚಾರವನ್ನು ನನಗಿಂತ ಮೊದಲು ಮಾತಾಡಿದವರು ಚೆನ್ನಾಗಿ ಹೇಳಿದ್ದಾರೆ. ನಾನು ಎಣ್ಣೆ ಮೆತ್ತಿದ ಕೈಯಿಂದ ಕಲಿತದ್ದನ್ನು ಮಾತ್ರ ಹೇಳುತ್ತೇನೆ.

ಈಗ ಡೀಸೆಲ್ ಇಂಜಿನ್ ವಿಷಯ ಯಾಕೆ ಅಂತ ಕೆಲವರಿಗೆ ಅನ್ನಿಸಬಹುದು. ಕರೆಂಟ್ ಮೋಟಾರ್ ಬಂದ ಮೇಲೆ ನಮ್ಮ ಇಂಜಿನ್‌ಗಳೆಲ್ಲ ದನದ ಕೊಟ್ಟಿಗೆಯ ಮೂಲೆ ಸೇರಿದವು. ಕೋಳಿ ಅದರ ಮೇಲೆ ಕೂತು ಮೊಟ್ಟೆ ಇಡುತ್ತವೆ. ಆದರೆ 2024ರ ಆಗಸ್ಟ್ 10ರ ರಾತ್ರಿ ನಮ್ಮ ಡ್ಯಾಂನ 19ನೇ ಗೇಟಿನ ಚೈನು ತುಂಡಾಗಿ ಗೇಟು ಕೊಚ್ಚಿಕೊಂಡು ಹೋಯಿತಲ್ಲ, ಆವಾಗ ಏನಾಯಿತು ಅಂತ ನೆನಪು ಮಾಡಿಕೊಳ್ಳಿ. ವಾರದಲ್ಲಿ ತಾತ್ಕಾಲಿಕ ಗೇಟು ಕೂಡಿಸಿದರು, ನೀರು ಉಳಿಯಿತು, ಅದು ಬೇರೆ ಮಾತು. ಆ ಒಂದು ವಾರ ನಮ್ಮ ಊರಿನಲ್ಲಿ ಯಾರಿಗೂ ನಿದ್ದೆ ಇರಲಿಲ್ಲ. ಎರಡನೇ ಬೆಳೆಗೆ ನೀರು ಇರುತ್ತೋ ಇಲ್ಲವೋ ಅಂತ ಹೆದರಿ ಎಲ್ಲರೂ ಕೊಟ್ಟಿಗೆಗೆ ಹೋಗಿ ಇಂಜಿನ್ ಮೇಲಿನ ಗೋಣಿಚೀಲ ತೆಗೆದರು. ನಮ್ಮ ಓಣಿಯಲ್ಲೇ ಏಳು ಇಂಜಿನ್ ಹೊರಗೆ ಬಂದವು. ಸ್ಟಾರ್ಟ್ ಆದದ್ದು ಒಂದು.

ಉಳಿದ ಆರು ಇಂಜಿನ್ ಕೆಟ್ಟಿರಲಿಲ್ಲ. ಅದನ್ನೇ ನಾನು ಇವತ್ತು ಹೇಳಬೇಕಾಗಿರುವುದು. ಆರರಲ್ಲಿ ಐದನ್ನು ಹೊಸ ಸಾಮಾನು ಹಾಕದೆ, ಪಾನಾ ಮತ್ತು ಬಟ್ಟೆ ಚೂರು ಇಟ್ಟುಕೊಂಡು ಸ್ಟಾರ್ಟ್ ಮಾಡಿದೆವು. ಆದರೆ ಅಷ್ಟರೊಳಗೆ ಒಬ್ಬರು ಹೊಸ ನಾಜಲ್ ತಂದಿದ್ದರು, ಇನ್ನೊಬ್ಬರು ಪಂಪ್ ಬಿಚ್ಚಿ ಹೊಸಪೇಟೆಗೆ ಕಳಿಸಿಬಿಟ್ಟಿದ್ದರು.

ನಾನೂ ಅದೇ ತಪ್ಪು ಮಾಡಿದವನೇ. ಅದನ್ನು ಮೊದಲು ಹೇಳಿಬಿಡುತ್ತೇನೆ.

2003ರ ಬರದ ವರ್ಷ. ಕಾಲುವೆಯ ಕೊನೇ ಭಾಗದ ನಮ್ಮ ಗದ್ದೆಗೆ ನೀರು ನಿಂತು ಹೋಯಿತು. ಭತ್ತ ಹೊಡೆ ಕಟ್ಟಿ ಹಾಲು ತುಂಬುವ ಹೊತ್ತು. ಗದ್ದೆ ಪಕ್ಕದ ಹಳ್ಳದಲ್ಲಿ ಬಸಿ ನೀರು ಸ್ವಲ್ಪ ಇತ್ತು. ಅಪ್ಪನ 5 ಹೆಚ್.ಪಿ. ಪೀಟರ್ ಇಂಜಿನ್ ಎತ್ತಿನ ಗಾಡಿಯಲ್ಲಿ ಹಾಕಿಕೊಂಡು ಹೋಗಿ ಹಳ್ಳದ ದಂಡೆಗೆ ಇಟ್ಟೆವು. ಡೀಸೆಲ್ ಹಾಕಿ ಹ್ಯಾಂಡಲ್ ತಿರುಗಿಸಿದರೆ ಸ್ಟಾರ್ಟ್ ಆಯಿತು. ಅರ್ಧ ತಾಸು ಓಡಿತು, ಆಮೇಲೆ ಗುಡುಗುಡು ಅಂತ ಏರಿಳಿದು ನಿಂತಿತು. ಮತ್ತೆ ಎಷ್ಟು ತಿರುಗಿಸಿದರೂ ಇಲ್ಲ. ಟ್ಯಾಂಕಿನಲ್ಲಿ ಡೀಸೆಲ್ ಕಡಿಮೆ ಆಗಿರಬೇಕು ಅಂತ ಮುಚ್ಚಳ ತೆಗೆದು ಇನ್ನಷ್ಟು ಹಾಕಿ, ಗಾಳಿ ತೆಗೆದು ತಿರುಗಿಸಿದರೆ ಸ್ಟಾರ್ಟ್! ಮತ್ತೆ ಅರ್ಧ ತಾಸು, ಮತ್ತೆ ನಿಂತಿತು. ಎರಡು ದಿನ ಇದೇ ಆಟ. ಫಿಲ್ಟರ್ ಬದಲಿಸಿದೆ, ನಾಜಲ್ ಬದಲಿಸಿದೆ. ಕೈಯಲ್ಲಿದ್ದ ದುಡ್ಡು ಮುಗಿಯಿತು.

ಮೂರನೇ ದಿನ ಬೆಳಿಗ್ಗೆ ನನಗೆ ಸಿಟ್ಟು ಬಂತು. ಯಾರೋ ಹೇಳಿದರು ಅಂತ ಪೆಟ್ರೋಲಿನಲ್ಲಿ ಬಟ್ಟೆ ಅದ್ದಿ ಗಾಳಿ ಎಳೆಯುವ ಬಾಯಿಗೆ ಹಿಡಿದೆ. ಅಪ್ಪ ಹ್ಯಾಂಡಲ್ ಹಿಡಿದಿದ್ದರು. ಇಂಜಿನ್ ಒಳಗೆ ಪೆಟ್ರೋಲ್ ಹೊತ್ತಿಗೆ ಮುಂಚೆಯೇ ಹೊತ್ತಿಕೊಂಡು ಹ್ಯಾಂಡಲ್ ಹಿಂದಕ್ಕೆ ಹೊಡೆಯಿತು. ಅಪ್ಪನ ಬಲಗೈ ಮಣಿಕಟ್ಟು ಮುರಿಯಿತು. ಅಪ್ಪನನ್ನು ದವಾಖಾನೆಗೆ ಕಳಿಸಿ, ಅಳುತ್ತಾ ನಾನು ಮತ್ತೆ ಅದೇ ಪೆಟ್ರೋಲ್ ಬಟ್ಟೆ ಹಿಡಿದು ತಮ್ಮನ ಕೈಲಿ ಸ್ಟಾರ್ಟ್ ಮಾಡಿಸಿದೆ. ಬುದ್ಧಿ ಅಷ್ಟೇ ಇತ್ತು. ಟಣ್ ಟಣ್ ಅಂತ ಬಡಿದುಕೊಂಡು ಓಡಿ, ಸಂಜೆ ಹೊತ್ತಿಗೆ ಉಸಿರು ಬಿಟ್ಟಿತು. ಪಿಸ್ಟನ್ ರಿಂಗ್ ಚೂರು ಚೂರು ಆಗಿತ್ತು.

ಆಮೇಲೆ ನಾವು ಚಾಚಾ ಅಂತ ಕರೆಯುತ್ತಿದ್ದ ಹಿರಿಯ ಮಿಸ್ತ್ರಿ ಒಬ್ಬರು ಬಂದು ನೋಡಿದರು. ನಡೆದದ್ದೆಲ್ಲ ಕೇಳಿದರು. "ಡೀಸೆಲ್ ಹಾಕಿದಾಗ ಸ್ಟಾರ್ಟ್ ಆಗ್ತಿತ್ತು ಅಂತೀಯಲ್ಲ, ಡೀಸೆಲ್ ಹಾಕುವಾಗ ಮತ್ತೇನು ಮಾಡ್ತಿದ್ದಿ?" ಅಂದರು. ಏನೂ ಇಲ್ಲ ಚಾಚಾ ಅಂದೆ. "ಮುಚ್ಚಳ ತೆಗೀತಿದ್ದಿ" ಅಂದರು. ಮುಚ್ಚಳ ತಿರುಗಿಸಿ ತೋರಿಸಿದರು. ಅದರಲ್ಲಿ ಗಾಳಿ ಆಡಲಿಕ್ಕೆ ಒಂದು ಸಣ್ಣ ತೂತು ಇರುತ್ತದೆ. ಕೊಟ್ಟಿಗೆಯಲ್ಲಿದ್ದಾಗ ಕುಂಬಾರ ಹುಳ ಮಣ್ಣು ತುಂಬಿ ಅದನ್ನು ಮುಚ್ಚಿಬಿಟ್ಟಿತ್ತು. ಡೀಸೆಲ್ ಕೆಳಗೆ ಇಳಿದ ಹಾಗೆ ಮೇಲಿನಿಂದ ಗಾಳಿ ಬರಬೇಕು, ಇಲ್ಲದಿದ್ದರೆ ಡೀಸೆಲ್ ಇಳಿಯುವುದಿಲ್ಲ. ಚಾಚಾ ಒಂದು ಪಿನ್ನಿನಿಂದ ಆ ಮಣ್ಣು ತೆಗೆದರು.

ಎರಡು ಎಕರೆ ಭತ್ತ ಜೊಳ್ಳಾಯಿತು. ಅಪ್ಪನ ಮಣಿಕಟ್ಟು ಕೂಡಿತು, ಆದರೆ ಪೂರ್ತಿ ತಿರುಗಲಿಲ್ಲ. ತೀರಿಕೊಳ್ಳುವವರೆಗೂ ಚೊಂಬು ಎತ್ತುವಾಗ ಎಡಗೈ ಆಸರೆ ಕೊಡುತ್ತಿದ್ದರು. ನನಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಒಳ್ಳೆಯದಿತ್ತು.

ಈಗ ವಿಷಯಕ್ಕೆ ಬರುತ್ತೇನೆ.

ಡೀಸೆಲ್ ಇಂಜಿನ್‌ಗೆ ಕಿಡಿ ಇಲ್ಲ, ಪ್ಲಗ್ ಇಲ್ಲ. 1897ರಲ್ಲಿ ಜರ್ಮನಿಯಲ್ಲಿ ರುಡಾಲ್ಫ್ ಡೀಸೆಲ್ ಅನ್ನುವವರು ಓಡಿಸಿ ತೋರಿಸಿದ ಇಂಜಿನ್‌ನ ಗುಟ್ಟು ಇಷ್ಟೇ: ಗಾಳಿಯನ್ನು ಜೋರಾಗಿ ಒತ್ತಿದರೆ ಅದು ಬಿಸಿಯಾಗುತ್ತದೆ. ಸೈಕಲ್‌ಗೆ ಗಾಳಿ ಹೊಡೆಯುವಾಗ ಪಂಪಿನ ಬುಡ ಸುಡುವುದಿಲ್ಲವೇ, ಹಾಗೆ. ನಮ್ಮ ಇಂಜಿನ್‌ಗಳಲ್ಲಿ ಹದಿನಾರು ಹದಿನೇಳು ಪಾಲು ಗಾಳಿಯನ್ನು ಒಂದು ಪಾಲಿನ ಜಾಗಕ್ಕೆ ಒತ್ತುತ್ತಾರೆ. ಆ ಗಾಳಿಯ ಬಿಸಿ 500 ಡಿಗ್ರಿ ದಾಟುತ್ತದೆ. ಅದರೊಳಗೆ ನಾಜಲ್ ಡೀಸೆಲನ್ನು ಮಂಜಿನ ಹಾಗೆ ಚಿಮುಕಿಸಿದರೆ ತಾನೇ ಹೊತ್ತಿಕೊಳ್ಳುತ್ತದೆ. ಹಾಗಾಗಿ ಸ್ಟಾರ್ಟ್ ಆಗಬೇಕಾದರೆ ಬೇಕಾದದ್ದು ಗಾಳಿ, ಒತ್ತು, ಡೀಸೆಲ್, ಮತ್ತೆ ತಿರುಗುವ ವೇಗ. ವೇಗ ಯಾಕೆ ಅಂದರೆ ನಿಧಾನ ತಿರುಗಿಸಿದರೆ ಒತ್ತಿದ ಗಾಳಿ ರಿಂಗಿನ ಸಂದಿನಲ್ಲಿ ಸೋರಿ ಹೋಗುತ್ತದೆ, ಬಿಸಿಯೂ ತಣ್ಣನೆಯ ಕಬ್ಬಿಣಕ್ಕೆ ಹೋಗಿಬಿಡುತ್ತದೆ. ಕಾಡಿನಲ್ಲಿ ದಿಮ್ಮಿ ಎಳೆಯುವ ಹಳೇ ಟ್ರ್ಯಾಕ್ಟರ್ ಆಗಲಿ, ಕಟ್ಟಿಗೆ ಕೊಯ್ಯುವ ಸಾಮಿಲ್ ಇಂಜಿನ್ ಆಗಲಿ, ಕಂಪ್ಲಿ ಕಡೆಯ ಆಲೆಮನೆಯ ಗಾಣಕ್ಕೆ ಕಟ್ಟಿದ ಇಂಜಿನ್ ಆಗಲಿ, ಎಲ್ಲದಕ್ಕೂ ಇದೇ ಲೆಕ್ಕ.

ನಮ್ಮಲ್ಲಿ ಇರುವ ಇಂಜಿನ್‌ಗಳು ಹೆಚ್ಚುಕಮ್ಮಿ ಎರಡು ಜಾತಿ. ದೊಡ್ಡ ಎರಡು ಗಾಲಿಯ, ಡುಗ್ ಡುಗ್ ಅಂತ ನಿಮಿಷಕ್ಕೆ 650 ಸುತ್ತು ನಿಧಾನ ತಿರುಗುವ ಲಿಸ್ಟರ್ ಮಾದರಿ. ಮೂಲ ಇಂಗ್ಲೆಂಡಿನದು, ಆಮೇಲೆ ನಮ್ಮ ದೇಶದಲ್ಲಿ ರಾಜಕೋಟ್ ಕಡೆ ಬಹಳ ತಯಾರಾದವು. ಇನ್ನೊಂದು 1500 ಸುತ್ತಿನ, ನಾವು ಪೀಟರ್ ಅನ್ನುವ ಜಾತಿ. ಅದರಲ್ಲಿ ಕಿರ್ಲೋಸ್ಕರ್ ಇಂಜಿನ್ ನಮ್ಮ ಭಾಗದಲ್ಲಿ ಹೆಚ್ಚು. ಅವರ ಆಯಿಲ್ ಇಂಜಿನ್ ಕಂಪನಿ 1946ರಲ್ಲಿ ಪುಣೆಯಲ್ಲಿ ಶುರುವಾದದ್ದು, ಆದರೆ ಆ ಮನೆತನದ ಲಕ್ಷ್ಮಣರಾಯರು 1888ರಲ್ಲಿ ಮೊದಲು ಅಂಗಡಿ ಹಾಕಿದ್ದು ನಮ್ಮ ಬೆಳಗಾವಿಯಲ್ಲಿ, ಸೈಕಲ್ ಅಂಗಡಿ. ಇದು ಸುಮ್ಮನೆ ಮಾತಿಗೆ ಹೇಳಿದೆ.

ಇಂಜಿನ್ ಸ್ಟಾರ್ಟ್ ಆಗದಿದ್ದಾಗ ಪಾನಾ ಹಿಡಿಯುವ ಮೊದಲು ಎರಡು ನಿಮಿಷ ಸುಮ್ಮನೆ ನಿಂತು ನೋಡಬೇಕು. ಸ್ಟಾಪ್ ಲಿವರ್ ಎಲ್ಲಿದೆ? ನಗಬೇಡ್ರಿ, ಸ್ಟಾಪ್ ಲಿವರ್ ಎಳೆದಿಟ್ಟು ಅರ್ಧ ದಿನ ಹ್ಯಾಂಡಲ್ ತಿರುಗಿಸಿದವರು ಈ ಸಭೆಯಲ್ಲೇ ಕೂತಿದ್ದಾರೆ, ಹೆಸರು ಹೇಳುವುದಿಲ್ಲ. ಡೀಸೆಲ್ ನಲ್ಲಿ ತೆರೆದಿದೆಯಾ? ಟ್ಯಾಂಕಿನಲ್ಲಿ ಡೀಸೆಲ್ ಇದೆಯಾ, ಮುಚ್ಚಳದ ತೂತು ಸರಿ ಇದೆಯಾ? ಸೈಲೆನ್ಸರ್ ಬಾಯಲ್ಲಿ ಇಲಿ ಗೂಡು ಕಟ್ಟಿದೆಯಾ? ಗಾಣಕ್ಕೋ ಮಿಷನ್ನಿಗೋ ಬೆಲ್ಟ್ ಹಾಕಿದ್ದರೆ ತೆಗೆದಿದ್ದೀರಾ? ಭಾರ ಹೊರಿಸಿ ಎಬ್ಬಿಸಿದರೆ ಎತ್ತೂ ಏಳುವುದಿಲ್ಲ.

ಆಮೇಲೆ ತಿರುಗಿಸಿ ಹೊಗೆ ನೋಡ್ರಿ. ಎಷ್ಟು ತಿರುಗಿಸಿದರೂ ಸೈಲೆನ್ಸರಿನಲ್ಲಿ ಹೊಗೆಯೇ ಇಲ್ಲ ಅಂದರೆ ಡೀಸೆಲ್ ಒಳಗೆ ಹೋಗುತ್ತಿಲ್ಲ. ಬೇರೆ ಏನನ್ನೂ ಬಿಚ್ಚಬೇಡಿ, ಡೀಸೆಲ್ ದಾರಿ ಮಾತ್ರ ನೋಡಿ. ಬಿಳಿ ಹೊಗೆ ಬಂದು ಡೀಸೆಲ್ ವಾಸನೆ ಹೊಡೆದರೆ, ಡೀಸೆಲ್ ಹೋಗುತ್ತಿದೆ ಆದರೆ ಹೊತ್ತುತ್ತಿಲ್ಲ. ಒತ್ತು ಸಾಲದು, ಇಲ್ಲವೆ ವೇಗ ಸಾಲದು, ಇಲ್ಲವೆ ನಾಜಲ್ ಮಂಜಿನ ಹಾಗೆ ಚಿಮುಕಿಸದೆ ಹನಿ ಹನಿ ಸುರಿಯುತ್ತಿದೆ, ಇಲ್ಲವೆ ಪಂಪಿನ ಟೈಮಿಂಗ್ ತಪ್ಪಿದೆ. ಕರಿ ಹೊಗೆ ಬಂದರೆ ಗಾಳಿ ಕಡಿಮೆ. ಸ್ಟಾರ್ಟ್ ಆದ ಮೇಲೂ ನೀಲಿ ಹೊಗೆ ಬರುತ್ತಲೇ ಇದ್ದರೆ ಕೆಳಗಿನ ಆಯಿಲ್ ಮೇಲೆ ಬಂದು ಸುಡುತ್ತಿದೆ, ರಿಂಗ್ ಅಥವಾ ವಾಲ್ವ್ ಗೈಡ್ ಸವೆದಿದೆ ಅಂತ ಅರ್ಥ. ನಮ್ಮ ಓಣಿಯ ಐದು ಇಂಜಿನ್‌ಗಳಲ್ಲಿ ನಾಲ್ಕಕ್ಕೆ ಹೊಗೆಯೇ ಇರಲಿಲ್ಲ. ಆದರೂ ನಾಜಲ್ ತಂದವರು ತಂದಿದ್ದರು.

ಕಿವಿಯೂ ಬೇಕು. ಲಿವರ್ ಎತ್ತಿ, ಅಂದರೆ ಡಿಕಂಪ್ರೆಶನ್ ಕೊಟ್ಟು, ನಿಧಾನ ತಿರುಗಿಸಿದರೆ ನಾಜಲ್ ಕಡೆಯಿಂದ ಕರ್ರ್, ಕರ್ರ್ ಅಂತ ಸಣ್ಣ ಸದ್ದು ಬರಬೇಕು. ಆ ಸದ್ದು ಬಂದರೆ ಪಂಪ್ ಒತ್ತುತ್ತಿದೆ, ನಾಜಲ್ ತೆರೆಯುತ್ತಿದೆ. ಬರದಿದ್ದರೆ ಹತ್ತಕ್ಕೆ ಎಂಟು ಸಲ ಏರ್ ಲಾಕ್.

ಏರ್ ಲಾಕ್ ಎಲ್ಲರಿಗೂ ಗೊತ್ತು ಅಂತಾರೆ, ಆದರೆ ಸರಿಯಾಗಿ ತೆಗೆಯುವವರು ಕಡಿಮೆ. ಡೀಸೆಲ್ ಪೂರ್ತಿ ಮುಗಿಯುವವರೆಗೆ ಓಡಿಸಿದರೆ, ಫಿಲ್ಟರ್ ಬಿಚ್ಚಿದರೆ, ವರ್ಷಗಟ್ಟಲೆ ನಿಂತರೆ ಪೈಪಿನೊಳಗೆ ಗಾಳಿ ಸೇರುತ್ತದೆ. ಡೀಸೆಲನ್ನು ಒತ್ತಿದರೆ ಅದು ಮುಂದಕ್ಕೆ ಹೋಗುತ್ತದೆ, ಗಾಳಿಯನ್ನು ಒತ್ತಿದರೆ ಅದು ಕುಗ್ಗಿ ಮತ್ತೆ ಹಿಗ್ಗುತ್ತದೆ ಅಷ್ಟೇ. ಹಾಗಾಗಿ ಪಂಪ್ ಎಷ್ಟು ಒತ್ತಿದರೂ ನಾಜಲ್ ತೆರೆಯುವುದಿಲ್ಲ. ಟ್ಯಾಂಕಿನ ಕಡೆಯಿಂದ ಶುರು ಮಾಡಿ ನಾಜಲ್ ಕಡೆಗೆ ಹೋಗಬೇಕು, ಉಲ್ಟಾ ಅಲ್ಲ. ಮೊದಲು ಟ್ಯಾಂಕು ಅರ್ಧಕ್ಕಿಂತ ಹೆಚ್ಚು ತುಂಬಿಸಿ. ಫಿಲ್ಟರ್ ಮೇಲಿನ ಸ್ಕ್ರೂ ಸಡಿಲಿಸಿ. ಗುಳ್ಳೆ ಗುಳ್ಳೆ ನೊರೆ ಬರುತ್ತದೆ, ಬಿಡಿ. ಗುಳ್ಳೆ ನಿಂತು ಡೀಸೆಲ್ ಒಂದೇ ಧಾರೆ ಬಂದ ಮೇಲೆ, ಧಾರೆ ಬರುತ್ತಿರುವಾಗಲೇ ಸ್ಕ್ರೂ ಬಿಗಿ ಮಾಡಿ. ಆಮೇಲೆ ಪಂಪ್ ಮೇಲಿನ ಸ್ಕ್ರೂ, ಅದೇ ರೀತಿ. ಕೊನೆಗೆ ನಾಜಲ್‌ಗೆ ಹೋಗುವ ಗಟ್ಟಿ ಪೈಪಿನ ನಟ್ಟು ಒಂದು ಸುತ್ತು ಸಡಿಲಿಸಿ, ಲಿವರ್ ಎತ್ತಿ ತಿರುಗಿಸಿ, ಡೀಸೆಲ್ ಚಿಮ್ಮಿದ ಮೇಲೆ ಬಿಗಿ ಮಾಡಿ. ಟ್ರ್ಯಾಕ್ಟರಿನಲ್ಲಾದರೆ ಲಿಫ್ಟ್ ಪಂಪಿನ ಸಣ್ಣ ಹಿಡಿಯನ್ನು ಕೈಯಿಂದ ಒತ್ತುತ್ತಾ ಇದೇ ಕೆಲಸ ಮಾಡಬೇಕು.

ಇಲ್ಲಿ ಒಂದು ಎಚ್ಚರಿಕೆ. ನಾಜಲ್ ಬಿಚ್ಚಿ ಹೊರಗೆ ಹಿಡಿದು ಚಿಮುಕುತ್ತದಾ ಅಂತ ಕೆಲವರು ಅಂಗೈ ಒಡ್ಡಿ ನೋಡುತ್ತಾರೆ. ನಾಜಲ್ ತೆರೆಯುವ ಒತ್ತಡ ಚದರ ಸೆಂಟಿಮೀಟರಿಗೆ ಸುಮಾರು 200 ಕೆ.ಜಿ. ಆ ಡೀಸೆಲ್ ಸೂಜಿಯ ಹಾಗೆ ಚರ್ಮ ತೂರಿ ಒಳಗೆ ಹೋಗುತ್ತದೆ. ಹೊರಗೆ ಸಣ್ಣ ಚುಕ್ಕೆ ಕಾಣುತ್ತದೆ, ನೋವೂ ಮೊದಲಿಗೆ ಇರುವುದಿಲ್ಲ, ಒಳಗೆ ಮಾಂಸ ಕೊಳೆಯುತ್ತದೆ. ಬೆರಳು ಕತ್ತರಿಸಬೇಕಾಗಬಹುದು. ಹಾಗೇನಾದರೂ ಆದರೆ ಅರಿಶಿನ ಹಚ್ಚಿ ಕೂಡಬೇಡಿ, ಅದೇ ತಾಸಿನಲ್ಲಿ ದೊಡ್ಡ ಆಸ್ಪತ್ರೆಗೆ ಹೋಗಿ "ಡೀಸೆಲ್ ಒತ್ತಡದಿಂದ ಒಳಗೆ ಹೋಗಿದೆ" ಅಂತ ಡಾಕ್ಟರಿಗೆ ಬಾಯಿಬಿಟ್ಟು ಹೇಳಿ. ನಾಜಲ್ ನೋಡಬೇಕಾದರೆ ಬಿಳಿ ಕಾಗದ ಹಿಡಿದು ದೂರದಿಂದ ನೋಡಿ.

ಏರ್ ಲಾಕ್ ತೆಗೆದ ಮೇಲೂ ಮರುದಿನ ಮತ್ತೆ ಆದರೆ ಎಲ್ಲೋ ಗಾಳಿ ಎಳೆಯುತ್ತಿದೆ. ಪೀಟರ್ ಇಂಜಿನ್‌ನಲ್ಲಿ ಟ್ಯಾಂಕು ಮೇಲೆ ಇರುವುದರಿಂದ ಸಂದು ಇದ್ದಲ್ಲಿ ಡೀಸೆಲ್ ಸೋರಿ ಕಾಣುತ್ತದೆ. ಆದರೆ ಟ್ಯಾಂಕಿನಿಂದ ಲಿಫ್ಟ್ ಪಂಪ್ ಎಳೆದುಕೊಳ್ಳುವ ಕಡೆ ಸಂದು ಇದ್ದರೆ ಇಂಜಿನ್ ಓಡುವಾಗ ಹನಿಯೂ ಸೋರುವುದಿಲ್ಲ, ಗಾಳಿ ಮಾತ್ರ ಒಳಗೆ ಹೋಗುತ್ತದೆ. ಹಳೇ ತಾಮ್ರದ ವಾಷರ್, ಬಿರುಕು ಬಿಟ್ಟ ರಬ್ಬರ್ ಪೈಪು, ಇವೇ ಕಳ್ಳರು. ತಾಮ್ರದ ವಾಷರನ್ನು ಕೆಂಪಗೆ ಕಾಯಿಸಿ ನೀರಿಗೆ ಹಾಕಿದರೆ ಮೆತ್ತಗಾಗಿ ಮತ್ತೊಂದು ಸಲ ಬಳಸಲು ಬರುತ್ತದೆ. ರಬ್ಬರ್ ಪೈಪಿಗೆ ಮಾತ್ರ ಜಿಪುಣತನ ಬೇಡ.

ಡೀಸೆಲ್‌ನಲ್ಲಿ ನೀರು ಇನ್ನೊಂದು ಪೀಡೆ. ಡ್ರಮ್ಮಿನಲ್ಲಿ ಇಟ್ಟ ಡೀಸೆಲ್ ಅರ್ಧ ಖಾಲಿ ಇದ್ದರೆ ರಾತ್ರಿ ತಂಪಿಗೆ ಒಳಗೋಡೆಗೆ ಬೆವರು ಹನಿ ಕಟ್ಟಿ ತಳಕ್ಕೆ ಇಳಿಯುತ್ತದೆ. ಪಂಪ್, ನಾಜಲ್ ತುಕ್ಕು ಹಿಡಿಯುವುದು ಇದರಿಂದಲೇ. ಕ್ಯಾನ್ ತಂದ ಮೇಲೆ ಒಂದು ರಾತ್ರಿ ಅಲ್ಲಾಡಿಸದೆ ಇಟ್ಟು, ಮೇಲಿನದನ್ನು ಮಾತ್ರ ತೆಳು ಬಟ್ಟೆಯಲ್ಲಿ ಸೋಸಿ ಹಾಕಿ. ಹಿಂದೆ ಸೀಮೆಎಣ್ಣೆ ಅಗ್ಗ ಅಂತ ಬೆರೆಸಿ ಓಡಿಸಿದವರು ಬಹಳ. ಆ ಪಂಪ್‌ಗಳಿಗೆ ಡೀಸೆಲ್‌ನ ಜಿಡ್ಡೇ ಎಣ್ಣೆ. ಸೀಮೆಎಣ್ಣೆಯಲ್ಲಿ ಜಿಡ್ಡು ಸಾಲದೆ ಒಳಗಿನ ಎಲಿಮೆಂಟ್ ಸವೆದು ಹೋಯಿತು. ಅದರ ಫಲವನ್ನು ಈಗ ಉಣ್ಣುತ್ತಿದ್ದೇವೆ.

ಸವೆದ ಪಂಪನ್ನು ಗುರುತಿಸುವುದು ಹೇಗೆ? ಬೆಳಿಗ್ಗೆ ತಣ್ಣಗಿದ್ದಾಗ ಸಲೀಸಾಗಿ ಸ್ಟಾರ್ಟ್ ಆಗುತ್ತದೆ. ಎರಡು ತಾಸು ಓಡಿಸಿ ಊಟಕ್ಕೆ ನಿಲ್ಲಿಸಿ ಮತ್ತೆ ತಿರುಗಿಸಿದರೆ ಆಗುವುದಿಲ್ಲ. ಸಂಜೆ ಆರಿದ ಮೇಲೆ ಮತ್ತೆ ಆಗುತ್ತದೆ. ಬಿಸಿಗೆ ಡೀಸೆಲ್ ತೆಳ್ಳಗಾಗಿ ಸವೆದ ಸಂದಿನಲ್ಲಿ ಜಾರಿ ಹೋಗುತ್ತದೆ, ಒತ್ತಡ ಏರುವುದಿಲ್ಲ. ಪಂಪಿನ ಮೇಲೆ ಮಾತ್ರ ಒದ್ದೆ ಬಟ್ಟೆ ಹಾಕಿ ಹತ್ತು ನಿಮಿಷ ತಂಪು ಮಾಡಿ ತಿರುಗಿಸಿ. ಸ್ಟಾರ್ಟ್ ಆದರೆ ಪಂಪನ್ನು ಕ್ಯಾಲಿಬ್ರೇಶನ್ ಅಂಗಡಿಗೆ ಒಯ್ಯುವುದು ಖಾತ್ರಿ. ಇದಕ್ಕೆ ಉಲ್ಟಾ, ತಣ್ಣಗಿದ್ದಾಗ ಆಗದೆ ಒಮ್ಮೆ ಬಿಸಿಯಾದ ಮೇಲೆ ಚೆನ್ನಾಗಿ ಸ್ಟಾರ್ಟ್ ಆಗುತ್ತದೆ ಅಂದರೆ ಪಂಪ್ ತಪ್ಪಲ್ಲ, ಒತ್ತು ಕಡಿಮೆ. ಇದೊಂದು ವ್ಯತ್ಯಾಸ ತಿಳಿದರೆ ಎಷ್ಟೋ ಸಾವಿರ ರೂಪಾಯಿ ಉಳಿಯುತ್ತದೆ. ಯಾಕಂದರೆ ಅಂಗಡಿಗೆ ಪಂಪ್ ಒಯ್ದವನಿಗೆ ಪಂಪ್ ಚೆನ್ನಾಗಿದೆ ಅಂತ ಹೇಳಿ ವಾಪಸ್ ಕಳಿಸುವವರು ಕಡಿಮೆ.

ಒತ್ತು ನೋಡುವುದಕ್ಕೆ ಮೀಟರ್ ಬೇಡ. ಡೀಸೆಲ್ ಬಂದ್ ಮಾಡಿ, ಲಿವರ್ ಕೆಳಗಿಟ್ಟು, ಗಾಲಿಯನ್ನು ಕೈಯಿಂದ ನಿಧಾನ ತಿರುಗಿಸಿ. ಒಂದು ಕಡೆ ಬಂದಾಗ ಗಟ್ಟಿಯಾಗಿ ತಡೆದು, ಕೈ ಬಿಟ್ಟರೆ ಹಿಂದಕ್ಕೆ ಪುಟಿಯಬೇಕು. ಮೆತ್ತಗೆ ದಾಟಿ ಹೋದರೆ ಒತ್ತು ಇಲ್ಲ. ಹಾಗೆ ದಾಟುವಾಗ ಕಿವಿ ಕೊಡಿ. ಗಾಳಿ ಎಳೆಯುವ ಬಾಯಿಯಲ್ಲಿ ಸುಸ್ ಅಂದರೆ ಇನ್‌ಲೆಟ್ ವಾಲ್ವ್, ಸೈಲೆನ್ಸರಿನಲ್ಲಿ ಸುಸ್ ಅಂದರೆ ಎಗ್ಸಾಸ್ಟ್ ವಾಲ್ವ್, ಆಯಿಲ್ ಹಾಕುವ ಬಾಯಿಯಲ್ಲಿ ಬಂದರೆ ರಿಂಗ್. ಬಹಳ ದಿನ ನಿಂತ ಇಂಜಿನ್‌ನಲ್ಲಿ ವಾಲ್ವ್ ತುಕ್ಕು ಹಿಡಿದು ತೆರೆದೇ ನಿಂತಿರುತ್ತದೆ. ಮೇಲಿನ ಕವರ್ ತೆಗೆದು ತಿರುಗಿಸಿ ನೋಡಿದರೆ ಗೊತ್ತಾಗುತ್ತದೆ. ಸ್ವಲ್ಪ ಡೀಸೆಲ್ ಬಿಟ್ಟು ಒಂದು ರಾತ್ರಿ ನೆನೆಸಿ, ಮರದ ತುಂಡಿನಿಂದ ಮೆಲ್ಲಗೆ ತಟ್ಟಿದರೆ ಬಿಡುತ್ತದೆ. ಸುತ್ತಿಗೆ ಬೇಡ. ಟ್ಯಾಪೆಟ್ ಗ್ಯಾಪ್ ಇಲ್ಲದಿದ್ದರೂ ವಾಲ್ವ್ ಕೂಡುವುದಿಲ್ಲ, ಅದನ್ನೂ ನೋಡಿ. ರಿಂಗ್ ಅಂಟಿಕೊಂಡಿದ್ದರೆ ಗಾಳಿ ಬಾಯಿಯಿಂದ ಎರಡೇ ಎರಡು ಚಮಚೆ ಇಂಜಿನ್ ಆಯಿಲ್ ಹಾಕಿ, ಲಿವರ್ ಎತ್ತಿ ಹತ್ತಿಪ್ಪತ್ತು ಸುತ್ತು ತಿರುಗಿಸಿದರೆ ಸಂದು ಮುಚ್ಚಿ ಒತ್ತು ಬರುತ್ತದೆ. ಎರಡು ಚಮಚೆ ಒಳ್ಳೆಯದಾದರೆ ಅರ್ಧ ಲೀಟರ್ ಇನ್ನೂ ಒಳ್ಳೆಯದು ಅಂತ ಮಾಡಬೇಡಿ, ಇಂಜಿನ್ ಅದೇ ಆಯಿಲನ್ನೇ ಸುಟ್ಟು ಕೈಗೆ ಸಿಗದಂತೆ ಓಡುತ್ತದೆ.

ಡಿಸೆಂಬರ್, ಜನವರಿ ಚಳಿಗೆ ಹಟ ಹಿಡಿಯುವ ನೀರಿನ ಇಂಜಿನ್‌ಗೆ ಬಿಸಿನೀರು ಹಾಕಿ. ಸ್ನಾನಕ್ಕೆ ಕಾಯಿಸಿದಷ್ಟು ಬಿಸಿ ಸಾಕು. ಕುದಿಯುವ ನೀರು ಸುರಿದರೆ ಹೆಡ್ ಸೀಳುತ್ತದೆ.

ಪೆಟ್ರೋಲ್ ಬಟ್ಟೆಯ ಕಥೆ ಆಗಲೇ ಹೇಳಿದೆ. ಈಗ ಡಬ್ಬಿಯಲ್ಲಿ ಈಥರ್ ಸ್ಪ್ರೇ ಬರುತ್ತದೆ, ಅದೂ ಅದೇ ಜಾತಿ. ಹೀಟರ್ ಪ್ಲಗ್ ಇರುವ ಇಂಜಿನ್‌ಗೆ ಅದನ್ನು ಹೊಡೆದರೆ ಗಾಳಿ ಬಾಯಲ್ಲೇ ಸಿಡಿಯುತ್ತದೆ.

ಹ್ಯಾಂಡಲ್ ಹಿಡಿಯುವುದನ್ನು ಹುಡುಗರು ಕಲಿಯಬೇಕು. ಹೆಬ್ಬೆರಳು ನಾಲ್ಕು ಬೆರಳಿನ ಜೊತೆಗೇ ಒಂದೇ ಕಡೆ ಇರಬೇಕು, ಹಿಡಿಯನ್ನು ಸುತ್ತಿ ಹಿಡಿಯಬಾರದು. ಹಿಂದಕ್ಕೆ ಹೊಡೆದರೆ ಹ್ಯಾಂಡಲ್ ಕೈಯಿಂದ ಜಾರಿ ಹೋಗುತ್ತದೆ, ಮಣಿಕಟ್ಟು ಉಳಿಯುತ್ತದೆ. ಲಿವರ್ ಎತ್ತಿ ಪೂರ್ತಿ ವೇಗ ಬಂದ ಮೇಲೆಯೇ ಲಿವರ್ ಬಿಡಬೇಕು. ಅರೆಮನಸ್ಸಿನಲ್ಲಿ ತಿರುಗಿಸಿ ಲಿವರ್ ಬಿಟ್ಟಾಗಲೇ ಅದು ಒದೆಯುವುದು. ಹ್ಯಾಂಡಲ್ ಸಿಕ್ಕಿಸುವ ಶಾಫ್ಟಿಗೆ ಗ್ರೀಸ್ ಇರಲಿ, ಇಲ್ಲದಿದ್ದರೆ ಇಂಜಿನ್ ಹಿಡಿದ ಮೇಲೂ ಹ್ಯಾಂಡಲ್ ಬಿಡದೆ ಜೊತೆಗೇ ಸುತ್ತಿ ಹಾರುತ್ತದೆ. ಹೆಗಲ ಮೇಲಿನ ಟವೆಲ್ ತೆಗೆದಿಟ್ಟು, ಲುಂಗಿ ಎತ್ತಿ ಕಟ್ಟಿ ಆಮೇಲೆ ಇಂಜಿನ್ ಹತ್ತಿರ ಹೋಗಿ. ಬಾವಿಯೊಳಗೆ ಇಳಿಸಿದ ಇಂಜಿನ್ ಇದ್ದರೆ ಸೈಲೆನ್ಸರಿನ ಹೊಗೆ ಪೈಪು ಬಾವಿಯ ಮೇಲಕ್ಕೆ ಬರಬೇಕು. ಓಡುತ್ತಿರುವ ಇಂಜಿನ್ ನೋಡಲು ಬಾವಿಗೆ ಇಳಿದವನು ಹೊಗೆಗೆ ಎಚ್ಚರ ತಪ್ಪಿದರೆ, ಅವನನ್ನು ಎತ್ತಲು ಇಳಿದವನೂ ಬೀಳುತ್ತಾನೆ.

ಟ್ರ್ಯಾಕ್ಟರ್ ಇರುವವರಿಗೆ ಎರಡು ಮಾತು. ನಮ್ಮಲ್ಲಿ ಹಳೇ ಎಚ್.ಎಂ.ಟಿ. ಟ್ರ್ಯಾಕ್ಟರ್ ಇನ್ನೂ ಕೆಲವು ಇವೆ. ಆ ಟ್ರ್ಯಾಕ್ಟರ್ ತಯಾರಿಕೆ ಮುಚ್ಚಲು 2016ರಲ್ಲಿ ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟ ಮೇಲೆ ಸಾಮಾನಿಗೆ ಪರದಾಟ. ಹಾಗಾಗಿ ಇದ್ದದ್ದನ್ನು ಕೆಡಿಸಿಕೊಳ್ಳಬಾರದು. ಸೆಲ್ಫ್ ನಿಧಾನ ತಿರುಗಿದರೆ ಬ್ಯಾಟರಿ ಹೋಯಿತು ಅಂತ ಓಡಬೇಡಿ. ಹೆಡ್‌ಲೈಟ್ ಹಚ್ಚಿ ಸೆಲ್ಫ್ ಒತ್ತಿ. ಲೈಟ್ ಪೂರ್ತಿ ಮಂಕಾದರೆ ಬ್ಯಾಟರಿ ಅಥವಾ ಟರ್ಮಿನಲ್. ಲೈಟ್ ಹಾಗೆಯೇ ಉರಿದು ಸೆಲ್ಫ್ ಮಾತ್ರ ಸುಮ್ಮನಿದ್ದರೆ ಸ್ವಿಚ್ಚು, ಸೊಲೆನಾಯ್ಡ್, ವೈರು. ಟರ್ಮಿನಲ್ ಮೇಲಿನ ಬಿಳಿ ಬೂಷ್ಟನ್ನು ಅಡುಗೆ ಸೋಡಾ ಹಾಕಿದ ಬಿಸಿನೀರಿನಲ್ಲಿ ತೊಳೆದು, ಒರೆಸಿ, ಬಿಗಿ ಮಾಡಿ, ವ್ಯಾಸಲೀನ್ ಹಚ್ಚಿ. ಅರ್ತ್ ವೈರು ಚಾಸಿಗೆ ಕೂಡುವ ಜಾಗವನ್ನು ಯಾರೂ ನೋಡುವುದಿಲ್ಲ, ಅಲ್ಲಿ ಬಣ್ಣ, ತುಕ್ಕು ಕೆರೆದು ಬಿಗಿ ಮಾಡಿ.

ಮತ್ತೆ, ದಯವಿಟ್ಟು ಕೆಳಗೆ ನಿಂತು ಸ್ಕ್ರೂಡ್ರೈವರಿನಿಂದ ಸೆಲ್ಫಿನ ಎರಡು ಬೋಲ್ಟ್ ಮುಟ್ಟಿಸಿ ಸ್ಟಾರ್ಟ್ ಮಾಡಬೇಡಿ. ಹಳೇ ಟ್ರ್ಯಾಕ್ಟರ್ ಗೇರಿನಲ್ಲಿದ್ದರೂ ಹಾಗೆ ಸ್ಟಾರ್ಟ್ ಆಗುತ್ತದೆ. ನೀವು ನಿಂತಿರುವುದು ದೊಡ್ಡ ಗಾಲಿಯ ಮುಂದೆ. ಇಂಥ ಸಾವು ಬೇರೆ ಬೇರೆ ಊರುಗಳಲ್ಲಿ ಆಗಿದೆ. ಸ್ವಿಚ್ಚು ಕೆಟ್ಟಿದ್ದರೆ ಸ್ವಿಚ್ಚು ಹಾಕಿಸಿ.

ಗಾಳಿಯ ವಿಷಯ ಹೇಳುವುದು ಮರೆತೆ. ಏರ್ ಕ್ಲೀನರಿನ ಬಟ್ಟಲಿನಲ್ಲಿ ಆಯಿಲ್ ಇರುತ್ತದೆ, ಧೂಳು ಅದರಲ್ಲಿ ನಿಲ್ಲುತ್ತದೆ. ಸಂಡೂರು ಕಡೆಯಿಂದ ಅದಿರಿನ ಲಾರಿ ರಾತ್ರಿ ಹಗಲು ಓಡುತ್ತಿದ್ದ ಕಾಲದಲ್ಲಿ, 2011ರಲ್ಲಿ ಸುಪ್ರೀಂ ಕೋರ್ಟು ಗಣಿಗಾರಿಕೆ ನಿಲ್ಲಿಸುವ ಮುಂಚೆ, ರಸ್ತೆ ಪಕ್ಕದ ಹೊಲದವರು ಆ ಬಟ್ಟಲು ಬಿಚ್ಚಿದರೆ ಕೆಮ್ಮಣ್ಣಿನ ರಾಡಿ ಇರುತ್ತಿತ್ತು. ಆ ಧೂಳು ಒಳಗೆ ಹೋದ ಇಂಜಿನ್‌ಗಳ ಬೋರ್ ಬೇಗ ಸವೆಯಿತು, ಅವೇ ಇವತ್ತು ಚಳಿಗೆ ಸ್ಟಾರ್ಟ್ ಆಗದ ಇಂಜಿನ್‌ಗಳು. ಬಟ್ಟಲನ್ನು ತಿಂಗಳಿಗೊಮ್ಮೆ ತೊಳೆದು ಗುರುತಿನವರ��ಗೆ ಮಾತ್ರ ಆಯಿಲ್ ಹಾಕಿ. ಬಟ್ಟಲು ಕಳಚಿ ಬಿಸಾಕಿ ಓಡಿಸುವುದಂತೂ ಬೇಡವೇ ಬೇಡ.

ನದಿ ದಂಡೆಯವರಿಗೆ ಇನ್ನೊಂದು. 2009ರಲ್ಲಿ, ಆಮೇಲೆ 2019ರ ಆಗಸ್ಟಿನಲ್ಲಿ ಹೊಳೆ ಬಂದಾಗ ಎಷ್ಟೋ ಇಂಜಿನ್ ಮುಳುಗಿದವು. ಮುಳುಗಿದ ಇಂಜಿನ್ ಮೇಲೆತ್ತಿದ ಕೂಡಲೆ ಸ್ಟಾರ್ಟ್ ಮಾಡಲು ಹೋಗಬಾರದು. ಸಿಲಿಂಡರಿನಲ್ಲಿ ನೀರು ಇರುತ್ತದೆ, ನೀರು ಗಾಳಿಯ ಹಾಗೆ ಕುಗ್ಗುವುದಿಲ್ಲ, ಜೋರಾಗಿ ತಿರುಗಿಸಿದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಮೊದಲು ನಾಜಲ್ ಬಿಚ್ಚಿ, ಕೈಯಿಂದ ನಿಧಾನ ತಿರುಗಿಸಿ ನೀರು ಹೊರಗೆ ಹಾಕಿ. ಕೆಳಗಿನ ಆಯಿಲ್, ಟ್ಯಾಂಕಿನ ಡೀಸೆಲ್, ಫಿಲ್ಟರ್ ಎಲ್ಲ ಬದಲಿಸಿ. ಎರಡು ದಿನ ಬಿಟ್ಟರೆ ತುಕ್ಕು ಹಿಡಿಯುತ್ತದೆ, ಅದನ್ನು ಅವತ್ತೇ ಮಾಡಬೇಕು.

ಆಡಳಿತ ಮಂಡಳಿಯ ಪರವಾಗಿ ಅಲ್ಲ, ಒಬ್ಬ ನಿರ್ದೇಶಕನಾಗಿ ಒಂದು ಬೇಡಿಕೆ ಇದೆ. ನಾಜಲ್ ಪರೀಕ್ಷೆ ಮಾಡುವ ಕೈ ಪಂಪು ಒಬ್ಬ ರೈತ ತರಲಾರ, ತಂದರೂ ವರ್ಷಕ್ಕೆ ಎರಡು ಸಲ ಬಳಸುತ್ತಾನೆ. ಸಂಘ ಒಂದು ತಂದಿಟ್ಟರೆ, ಅದರ ಜೊತೆ ಒಂದು ಪೆಟ್ಟಿಗೆ ಪಾನಾ, ಫೀಲರ್ ಗೇಜು, ತಾಮ್ರದ ವಾಷರ್ ಇಟ್ಟರೆ ಎಲ್ಲರಿಗೂ ಆಗುತ್ತದೆ. ಗೊಬ್ಬರ, ಸಾಲ ಕೊಟ್ಟ ಹಾಗೆಯೇ ಇದೂ. ಮುಂದಿನ ವಾರ್ಷಿಕ ಸಭೆಯಲ್ಲಿ ನಾನು ಇದನ್ನು ಎತ್ತುತ್ತೇನೆ, ನೀವು ಕೈ ಎತ್ತಬೇಕು.

ಇನ್ನು ಇಂಜಿನ್ ಎತ್ತಿಡುವ ವಿಷಯ. ಹಂಗಾಮು ಮುಗಿದ ಮೇಲೆ ಹಳೇ ಆಯಿಲ್ ತೆಗೆದು ಹೊಸದು ಹಾಕಿ ಹತ್ತು ನಿಮಿಷ ಓಡಿಸಿ. ನೀರಿನ ಇಂಜಿನ್ ಆದರೆ ಆರಿದ ಮೇಲೆ ನೀರು ಪೂರ್ತಿ ಬಸಿಯಿರಿ. ಡೀಸೆಲ್ ಟ್ಯಾಂಕು ತುಂಬ ಇರಲಿ, ಖಾಲಿ ಜಾಗ ಇದ್ದರೆ ಬೆವರು ಕಟ್ಟುತ್ತದೆ. ಗಾಳಿ ಬಾಯಿಗೆ ಎರಡು ಚಮಚೆ ಆಯಿಲ್ ಹಾಕಿ ಕೈಯಿಂದ ನಾಲ್ಕು ಸುತ್ತು ತಿರುಗಿಸಿ, ಒತ್ತು ಬರುವ ಜಾಗದಲ್ಲಿ ನಿಲ್ಲಿಸಿ, ಆಗ ಎರಡೂ ವಾಲ್ವ್ ಮುಚ್ಚಿರುತ್ತವೆ. ಸೈಲೆನ್ಸರಿಗೆ ಹಳೇ ಡಬ್ಬಿ ಬೋರಲು ಹಾಕಿ, ಗಾಳಿ ಬಾಯಿಗೆ ಬಟ್ಟೆ ಕಟ್ಟಿ. ಟ್ಯಾಂಕಿನ ಮುಚ್ಚಳದ ಮೇಲೂ ಒಂದು ಬಟ್ಟೆ ಕಟ್ಟಿ. ತಿಂಗಳಿಗೊಮ್ಮೆ ಕೈಯಿಂದ ತಿರುಗಿಸಿ ಅದೇ ಜಾಗಕ್ಕೆ ತಂದು ನಿಲ್ಲಿಸಿ. ಸ್ಟಾರ್ಟ್ ಮಾಡುವ ದಿನ ಕಟ್ಟಿದ ಬಟ್ಟೆಗಳನ್ನು ಬಿಚ್ಚುವುದು ಮರೆಯಬೇಡಿ, ಅದಕ್ಕೂ ನನ್ನನ್ನು ಕರೆದವರಿದ್ದಾರೆ.

ಗೋದಾಮಿನ ಹಿಂದಿನ ಶೆಡ್ಡಿನಲ್ಲಿ ಎರಡು ವರ್ಷದಿಂದ ನಿಂತಿದ್ದ ಒಂದು ಪೀಟರ್ ಇಂಜಿನ್ ತಂದಿಟ್ಟಿದ್ದೇವೆ. ನಾನಿನ್ನೂ ಅದನ್ನು ಮುಟ್ಟಿಲ್ಲ. ಊಟ ಆದ ಮೇಲೆ ಹುಡುಗರೆಲ್ಲ ಅಲ್ಲಿಗೆ ಬರ್ರಿ, ಎಲ್ಲರೂ ಸೇರಿ ನೋಡೋಣ. ಟವೆಲ್ ಇಲ್ಲೇ ಕುರ್ಚಿ ಮೇಲೆ ಇಟ್ಟು ಬರ್ರಿ.